ಗೊರಸಿನ ಗುರುತು, ಗೂಡಿನ ಲೆಕ್ಕ

ಮೇ ತಿಂಗಳ ಒಣಗಿದ ಕಾವಲು, ಅಂದರೆ ದನಕುರಿ ಮೇಯಲು ಬಿಟ್ಟ ಹುಲ್ಲುಬಯಲು. ಬೆಣಚುಕಲ್ಲಿನ ಚೂರುಗಳ ನಡುವೆ ಹಳದಿ ಟಿಟ್ಟಿಭದ ಗೂಡು. ನಾಲ್ಕು ಮೊಟ್ಟೆಗಳಲ್ಲಿ ಎರಡು ಜಜ್ಜಿಹೋಗಿವೆ, ಲೋಳೆ ಮಣ್ಣಿಗಂಟಿ ಒಣಗಿದೆ, ಪಕ್ಕದಲ್ಲೇ ಕುರಿಯ ಸೀಳುಗೊರಸಿನ ಅಚ್ಚು. ಗೂಡುಗಳ ಲೆಕ್ಕ ಇಡುವ ಸಂಶೋಧನಾ ವಿದ್ಯಾರ್ಥಿ ಹಾಳೆಯಲ್ಲಿ 'ತುಳಿತ' ಎಂದು ಬರೆದು ಮುಂದಿನ ಗೂಡಿಗೆ ಹೋಗುತ್ತಾರೆ. ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ಆ ಅಚ್ಚು ಹೇಳುವುದು ಒಂದೇ ಮಾತು: ಕುರಿಯೊಂದು ಇಲ್ಲಿ ಕಾಲಿಟ್ಟಿದೆ. ಕಾಲಿಟ್ಟ ಹೊತ್ತಿಗೆ ಮೊಟ್ಟೆಗೆ ಜೀವ ಇತ್ತೇ, ಹಕ್ಕಿ ಗೂಡು ಬಿಟ್ಟು ಎಷ್ಟು ಹೊತ್ತಾಗಿತ್ತು ಎಂಬುದನ್ನು ಗೊರಸು ಹೇಳುವುದಿಲ್ಲ.

ಕಡೂರು ಸೀಮೆಯ ಒಂದು ಕಾವಲಿನಲ್ಲಿ ಇಂಥದ್ದೇ ಗೂಡಿನ ಅಡಿಯಲ್ಲಿ ಐಬಟನ್ ಇತ್ತು. ಗುಂಡು ಬ್ಯಾಟರಿಯಷ್ಟೇ ಗಾತ್ರದ, ತಾಪಮಾನ ಬರೆದಿಟ್ಟುಕೊಳ್ಳುವ ಉಕ್ಕಿನ ಬಿಲ್ಲೆ ಅದು. ಗೂಡಿನಿಂದ ಒಂದು ಮೀಟರ್ ಆಚೆ, ಅಷ್ಟೇ ಆಳದಲ್ಲಿ, ಬರಿ ನೆಲದ ತಾಪ ಅಳೆಯಲು ಇನ್ನೊಂದು. ಎರಡನ್ನೂ ಕಂಪ್ಯೂಟರಿಗೆ ಹಾಕಿ ನೋಡಿದಾಗ ಗೂಡಿನ ಗೆರೆ ರಾತ್ರಿ ಒಂದೂವರೆಯ ಸುಮಾರಿಗೆ ಇಳಿಯಲು ಶುರುವಾಗಿ, ಮೂರು ಗಂಟೆಯ ಹೊತ್ತಿಗೆ ನೆಲದ ಗೆರೆಯ ಜೊತೆ ಸೇರಿಬಿಟ್ಟಿತ್ತು. ಮಂದೆ ಹಟ್ಟಿಯಿಂದ ಹೊರಟಿದ್ದು ಬೆಳಗ್ಗೆ ಒಂಬತ್ತರ ಮೇಲೆ. ಅಂದರೆ ಹಕ್ಕಿಯನ್ನು ರಾತ್ರಿ ಯಾವುದೋ ಪ್ರಾಣಿ ಎಬ್ಬಿಸಿದೆ ಅಥವಾ ಹಿಡಿದಿದೆ. ಕುರಿ ತುಳಿದಿದ್ದು ಆಗಲೇ ಯಾರೂ ಕಾಯದಿದ್ದ ಮೊಟ್ಟೆಗಳನ್ನು. ಹಾಳೆಯಲ್ಲಿ ಮಾತ್ರ 'ತುಳಿತ' ಎಂದೇ ಇತ್ತು.

ಇದು ಒಂದು ಗೂಡಿನ ಕತೆ. ಕುರಿ ನಿರಪರಾಧಿ ಎಂದು ಇದರಿಂದ ಸಾಬೀತಾಗುವುದಿಲ್ಲ. 'ಅತಿಯಾಗಿ ಮೇಯಿಸುವುದರಿಂದ ನೆಲದಲ್ಲಿ ಗೂಡುಕಟ್ಟುವ ಹಕ್ಕಿಗಳಿಗೆ ಕುತ್ತು' ಎಂಬ ಸಾಲು ಪ್ರಬಂಧಗಳ ಪೀಠಿಕೆಯಲ್ಲಿ ಎಷ್ಟು ಸಲೀಸಾಗಿ ಬಂದು ಕೂರುತ್ತದೋ, ಅದನ್ನು ಅಳೆಯುವ ಕೆಲಸ ಅಷ್ಟೇ ಕಷ್ಟ. ಆ ಕಷ್ಟ ಯಾವುದೆಂದು ಬಿಡಿಸಿ ನೋಡದೆ ಸಾಲನ್ನು ಒಪ್ಪುವುದಾಗಲಿ ತಳ್ಳಿಹಾಕುವುದಾಗಲಿ ತರವಲ್ಲ.

ಯಾವ ಹಕ್ಕಿ, ಎಷ್ಟು ದಿನ

ನಮ್ಮ ಬಯಲುಸೀಮೆಯಲ್ಲಿ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳೆಲ್ಲ ಒಂದೇ ಜಾತಿಯ ಜಾಗ ಕೇಳುವುದಿಲ್ಲ. ಹಳದಿ ಟಿಟ್ಟಿಭಕ್ಕೆ ಬೇಕಾದ್ದು ಬೋಳು ನೆಲ, ನಾಲ್ಕೂ ಕಡೆ ಕಾಣುವ ಬಯಲು. ಮಳೆಗೆ ಮುಂಚೆ, ಮಾರ್ಚಿನಿಂದ ಮೇವರೆಗೆ ಅದರ ಕಾಲ. ಕಾವು ಸುಮಾರು 28 ದಿನ. ನೆಲಗುಬ್ಬಿ ಹುಲ್ಲಿನ ಬುಡದಲ್ಲೋ ಹೆಂಟೆಯ ನೆರಳಿನಲ್ಲೋ ಬೊಗಸೆಯಷ್ಟು ಗುಳಿ ಮಾಡಿ ಎರಡು ಮೂರು ಮೊಟ್ಟೆ ಇಡುತ್ತದೆ, ಎರಡು ವಾರದೊಳಗೆ ಮರಿ. ಗೌಜಲಹಕ್ಕಿಗೆ ಪೊದೆಯ ಮರೆ ಬೇಕು. ಸಿರುಗುಪ್ಪದ ಕಡೆ ಕೊನೆಯದಾಗಿ ಉಳಿದುಕೊಂಡ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇಡುವುದು ಒಂದೇ ಮೊಟ್ಟೆ. ಟಿಟ್ಟಿಭದ ಗೂಡು ಹಾಳಾದರೆ ಅದೇ ಬೇಸಿಗೆಯಲ್ಲಿ ಮತ್ತೆ ಇಟ್ಟೀತು. ಎರ್ಲಡ್ಡಿನ ಒಂದು ಮೊಟ್ಟೆ ತುಳಿತಕ್ಕೆ ಸಿಕ್ಕರೆ ಆ ನಷ್ಟದ ತೂಕವೇ ಬೇರೆ. ಹಾಗಾಗಿ 'ಮೇಯಿಸಿದರೆ ಹಕ್ಕಿಗೆ ಕೆಡುಕೇ?' ಎಂಬ ಪ್ರಶ್ನೆಗೆ ಹಕ್ಕಿಯ ಹೆಸರು ಸೇರಿಸದೆ ಉತ್ತರ ಹುಡುಕಬಾರದು. ಒಂದೇ ಮಂದೆ ಹುಲ್ಲು ತಗ್ಗಿಸಿ ಟಿಟ್ಟಿಭಕ್ಕೆ ಜಾಗ ಮಾಡಿಕೊಡುತ್ತದೆ, ಅದೇ ಮಂದೆ ಗೌಜಲಿನ ಮರೆಯನ್ನು ತಿಂದುಹಾಕುತ್ತದೆ.

ಮಂದೆ ನಿಲ್ಲುವುದಿಲ್ಲ, ನಡೆಯುತ್ತದೆ

ತುಳಿತದ ಲೆಕ್ಕಕ್ಕೆ ಎಲ್ಲರೂ ಮೊದಲು ನೋಡುವುದು ನೆದರ್‌ಲ್ಯಾಂಡ್ಸ್ ಕಡೆ. 1987ರಲ್ಲಿ ಬೈಂಟೆಮಾ ಮತ್ತು ಮ್ಯೂಸ್ಕೆನ್ಸ್ ಎಂಬ ಸಂಶೋಧಕರು ಅಲ್ಲಿನ ಹುಲ್ಲುಗಾವಲುಗಳ ಗೂಡುಗಳನ್ನು ಲೆಕ್ಕಹಾಕಿ ಸರಳ ಸೂತ್ರ ಕೊಟ್ಟರು. ಹೆಕ್ಟೇರಿಗೆ ಒಂದು ದನ ಇದ್ದಾಗ ಒಂದು ಗೂಡು ಒಂದು ದಿನ ತುಳಿತದಿಂದ ಪಾರಾಗುವ ಸಂಭವ ಇಷ್ಟು ಎಂದಾದರೆ, ಹತ್ತು ದನ ಇದ್ದಾಗ ಆ ಸಂಖ್ಯೆಯನ್ನು ಹತ್ತು ಸಲ ತನ್ನಿಂದಲೇ ಗುಣಿಸಬೇಕು. ಕರೆಯುವ ಹಸುಗಳಿಗಿಂತ ಎಳೆಯ ಕಡಸುಗಳು ಹೆಚ್ಚು ತುಳಿಯುತ್ತವೆ ಎಂಬುದೂ ಅವರಿಗೆ ಸಿಕ್ಕಿತು. ಎಳೆಗರು ಬಯಲಲ್ಲಿ ಹೇಗೆ ಓಡಾಡುತ್ತದೆ ಎಂದು ನೋಡಿದವರಿಗೆ ಅದು ಆಶ್ಚರ್ಯವಲ್ಲ. ಆ ಸೂತ್ರ ಅಲ್ಲಿಗೆ ಹೊಂದುತ್ತದೆ, ಏಕೆಂದರೆ ಅಲ್ಲಿ ದನಗಳು ಬೇಲಿಯೊಳಗೆ ಹಗಲೂ ರಾತ್ರಿ ಇರುತ್ತವೆ.

ಕಾವಲಿನ ಕುರಿ ಮಂದೆ ಬೇರೆಯೇ. ಬೆಳಗ್ಗೆ ಹಟ್ಟಿ ಬಿಟ್ಟು ಒಂದು ದಿಕ್ಕಿಗೆ ಹೊರಡುತ್ತದೆ, ಮೇಯುತ್ತಾ ಹರಡುತ್ತದೆ, ನೀರಿನ ಕಡೆ ಹೊರಟಾಗ ಒತ್ತಾಗುತ್ತದೆ, ಬಿಸಿಲೇರಿದಾಗ ಮರದಡಿ ಗುಂಪಾಗಿ ತಲೆ ತಗ್ಗಿಸಿ ನಿಲ್ಲುತ್ತದೆ, ಸಂಜೆ ಇನ್ನೊಂದು ದಾರಿಯಲ್ಲಿ ವಾಪಸ್. ಒಂದು ಗೂಡಿನ ಪಾಲಿಗೆ ಮಂದೆ ಇಡೀ ದಿನದಲ್ಲಿ ಕೆಲವೇ ನಿಮಿಷ ಬರುತ್ತದೆ, ಅಥವಾ ಬರುವುದೇ ಇಲ್ಲ. ಇಂಥ ಕಡೆ 'ಹೆಕ್ಟೇರಿಗೆ ಇಷ್ಟು ಕುರಿ' ಎಂಬ ಅಂಕಿಗೆ ಬೆಲೆ ಕಡಿಮೆ. ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಟಿಟ್ಟಿಭದ ನಾಲ್ಕು ಮೊಟ್ಟೆಗಳು ಸುಮಾರು ಹತ್ತು ಸೆಂಟಿಮೀಟರ್ ಅಗಲದ ವೃತ್ತದಲ್ಲಿ ಕೂರುತ್ತವೆ. ಗೊರಸಿನ ಅರ್ಧ ಅಗಲವನ್ನೂ ಸುತ್ತ ಸೇರಿಸಿದರೆ, ಗೊರಸಿನ ನಡುಭಾಗ ಬಿದ್ದರೆ ಗೂಡು ಹಾಳಾಗುವ ಜಾಗ ಸರಿಸುಮಾರು 200 ಚದರ ಸೆಂಟಿಮೀಟರ್. ಒಂದು ಕುರಿ ಒಂದು ಮೀಟರ್ ನಡೆಯಲು ನಾಲ್ಕು ಸಲ ಕಾಲೂರುತ್ತದೆ ಎಂದಿಟ್ಟುಕೊಳ್ಳಿ. 300 ಕುರಿ 60 ಮೀಟರ್ ಅಗಲಕ್ಕೆ ಹರಡಿ ಸಾಗಿದರೆ ಪ್ರತಿ ಚದರ ಮೀಟರಿಗೆ 20 ಗೊರಸು ಬೀಳುತ್ತವೆ. ಆ ದಾರಿಯಲ್ಲಿರುವ ಗೂಡು ತುಳಿತಕ್ಕೆ ಸಿಕ್ಕುವ ಸಂಭವ ನೂರಕ್ಕೆ ಸುಮಾರು 33. ಅದೇ ಮಂದೆ 200 ಮೀಟರ್ ಅಗಲಕ್ಕೆ ಹರಡಿ ನಿಧಾನವಾಗಿ ಮೇಯುತ್ತಾ ಹೋದರೆ ನೂರಕ್ಕೆ 11. ಅದೇ ಮಂದೆಯನ್ನು 15 ಮೀಟರಿನ ಓಣಿಯಂತೆ ಒತ್ತಾಗಿ ನೀರಿಗೆ ಹೊಡೆದುಕೊಂಡು ಹೋದರೆ ನೂರಕ್ಕೆ 80. ಕುರಿಗಳ ಸಂಖ್ಯೆ ಬದಲಾಗಿಲ್ಲ, ಕಾವಲಿನ ವಿಸ್ತೀರ್ಣ ಬದಲಾಗಿಲ್ಲ. ಬದಲಾಗಿದ್ದು ಮಂದೆಯ ಅಗಲ ಮಾತ್ರ.

ಈ ಲೆಕ್ಕ ಕುರಿ ಕಣ್ಣುಮುಚ್ಚಿ ನಡೆಯುತ್ತದೆ, ಹಕ್ಕಿ ಸುಮ್ಮನಿರುತ್ತದೆ ಎಂದು ನಂಬಿದೆ. ಎರಡೂ ನಿಜವಲ್ಲ. ಹರಡಿಕೊಂಡು ಮೇಯುವ ಮಂದೆ ಎದುರಾದಾಗ ಟಿಟ್ಟಿಭ ಮಾಡುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಮೊದಲು ಕೂತಲ್ಲೇ ಕುತ್ತಿಗೆ ತಗ್ಗಿಸುತ್ತದೆ. ಮುಂದಿನ ಆಡು ಹತ್ತು ಹನ್ನೆರಡು ಅಡಿಗೆ ಬಂದಾಗ ಎದ್ದು ನಿಲ್ಲುತ್ತದೆ. ಓಡುವುದಿಲ್ಲ. ರೆಕ್ಕೆ ಎರಡನ್ನೂ ಅಗಲವಾಗಿ ಬಿಚ್ಚಿ, ಬಾಲ ಹರಡಿ, ಮೊಟ್ಟೆಗಳ ಮುಂದೆ ಗೋಡೆಯಂತೆ ನಿಂತು ಚೀರುತ್ತದೆ. ಆಡು ಗಕ್ಕನೆ ನಿಂತು ಮೂಸಿ ಪಕ್ಕಕ್ಕೆ ತಿರುಗುತ್ತದೆ, ಹಿಂದಿನ ಕುರಿಗಳೂ ಅದರ ಹಿಂದೆ. ನೀರು ಕಲ್ಲನ್ನು ಸುತ್ತಿ ಹರಿಯುವ ಹಾಗೆ ಮಂದೆ ಎರಡಾಗಿ ಸೀಳಿ ಆಚೆ ಒಂದಾಗುತ್ತದೆ. ಮಂದೆ ಒತ್ತಾಗಿದ್ದರೆ ಇದು ನಡೆಯುವುದಿಲ್ಲ. ಮುಂದಿನದು ನಿಂತರೂ ಹಿಂದಿನವು ನೂಕುತ್ತವೆ. ನಾಯಿ ಜೊತೆಗಿದ್ದರೂ ನಡೆಯುವುದಿಲ್ಲ. ನಾಯಿ ಕಂಡೊಡನೆ ಟಿಟ್ಟಿಭ ಗೂಡು ಬಿಟ್ಟು ಮೇಲೆ ಹಾರಿ ಕೂಗುತ್ತದೆ, ಮೊಟ್ಟೆ ಬಿಸಿಲಿಗೆ ಬಿದ್ದಿರುತ್ತದೆ.

ಈ ಬಿಸಿಲಿನ ಪಾಲು ಹಾಳೆಗಳಲ್ಲಿ ಎಲ್ಲಿಯೂ ಕಾಣುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಬರಿ ನೆಲ 50 ಡಿಗ್ರಿ ದಾಟುತ್ತದೆ. ಆ ಹೊತ್ತಿನಲ್ಲಿ ಟಿಟ್ಟಿಭ ಮೊಟ್ಟೆಗೆ ಕಾವು ಕೊಡುತ್ತಿರುವುದಿಲ್ಲ, ನೆರಳು ಕೊಡುತ್ತಿರುತ್ತದೆ. ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಣಿಸುವುದೂ ಉಂಟು. ಮಂದೆ, ನಾಯಿ, ಅಥವಾ ಸಂಶೋಧಕ ಆಗ ಅರ್ಧ ಗಂಟೆ ಅಲ್ಲೇ ಸುಳಿದಾಡಿದರೆ ಒಂದು ಗೊರಸೂ ತಾಗದೆ ಮೊಟ್ಟೆಯೊಳಗಿನ ಮರಿ ಸಾಯಬಹುದು. ಆಮೇಲೂ ಹಕ್ಕಿ ಕೂರುತ್ತದೆ, 28 ದಿನ ಕಳೆದು 35 ದಿನವಾದರೂ ಕೂತಿರುತ್ತದೆ. ಭೇಟಿಯ ಹಾಳೆಯಲ್ಲಿ ಅದು 'ಗೂಡು ಇದೆ' ಎಂದೇ ದಾಖಲಾಗುತ್ತಾ ಹೋಗುತ್ತದೆ. ಆದ್ದರಿಂದ ಗೂಡು ಉಳಿಯಿತೇ ಎಂಬುದರ ಜೊತೆಗೆ ಎಷ್ಟು ಮೊಟ್ಟೆ ಒಡೆದು ಮರಿಯಾಯಿತು ಎಂಬ ಕಾಲಂ ಬೇರೆಯೇ ಇರಬೇಕು.

ಹುಡುಕುವುದು, ಗುರುತಿಡುವುದು, ಬಿಟ್ಟುಬರುವುದು

ಮೊದಲು ಅನುಮತಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ ಬೇಟೆಯೆಂದೇ ಲೆಕ್ಕ. ಮುಖ್ಯ ವನ್ಯಜೀವಿ ಪರಿಪಾಲಕರ ಪತ್ರ ಕೈಗೆ ಬರಲು ತಿಂಗಳುಗಳೇ ಹಿಡಿಯುತ್ತವೆ, ಮಾರ್ಚಿನಲ್ಲಿ ಹಕ್ಕಿ ಆ ಪತ್ರಕ್ಕಾಗಿ ಕಾಯುವುದಿಲ್ಲ. ಹಿಂದಿನ ಮಳೆಗಾಲದಲ್ಲೇ ಅರ್ಜಿ ಹೋಗಿರಬೇಕು.

ಟಿಟ್ಟಿಭದ ಗೂಡನ್ನು ನಡೆದಾಡಿ ಹುಡುಕಿದರೆ ಸಿಗದು. ತಲೆಯ ಮೇಲೆ ಹಕ್ಕಿ ಕೂಗುತ್ತಿರುವಷ್ಟು ಹೊತ್ತೂ ನೀವು ಗೂಡಿನಿಂದ ಅದನ್ನು ದೂರ ಇಟ್ಟಿದ್ದೀರಿ. 150 ಮೀಟರ್ ಹಿಂದೆ ಸರಿದು ಗಿಡವೊಂದರ ಮರೆಯಲ್ಲಿ ದುರ್ಬೀನು ಹಿಡಿದು ಕೂರಬೇಕು. ಹಕ್ಕಿ ಇಳಿದು ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತದೆ, ಮತ್ತೆ ಓಡಿ ನಿಲ್ಲುತ್ತದೆ, ಕೊನೆಗೆ ಎದೆ ತಗ್ಗಿಸಿ ಅಲುಗಾಡಿ ಕೂರುತ್ತದೆ. ಕೂತ ಜಾಗಕ್ಕೂ ಹಿಂದಿನ ಯಾವುದಾದರೂ ಮರಕ್ಕೂ ಗೆರೆ ಹಿಡಿದು ನೇರ ನಡೆಯಬೇಕು. ನೆಲಗುಬ್ಬಿಗೆ ಹಗ್ಗದ ಕ್ರಮ: ಇಬ್ಬರು 25 ಮೀಟರ್ ಹಗ್ಗವನ್ನು ನೆಲಕ್ಕೆ ತಾಗುವಂತೆ ಎಳೆಯುತ್ತಾ ಹೋದರೆ ಕಾಲಬುಡದಿಂದ ಹಕ್ಕಿ ಪುರ್ರನೆ ಏಳುತ್ತದೆ. ಹಗ್ಗ ತೆಳುವಾಗಿರಬೇಕು, ಗಂಟು ಕಟ್ಟಿದ್ದರೆ ಮೊಟ್ಟೆಯನ್ನೇ ಉರುಳಿಸುತ್ತದೆ.

ಜಿಪಿಎಸ್ ಐದು ಮೀಟರ್ ಆಚೀಚೆ ತೋರಿಸುತ್ತದೆ. ಕಲ್ಲಿನ ಬಣ್ಣದ ಮೊಟ್ಟೆಗೆ ಐದು ಮೀಟರ್ ಎಂದರೆ ಕಾಲಿಡಲು ಸಾಕಷ್ಟು ಜಾಗ. ಹಾಗೆಂದು ಗೂಡಿನ ಪಕ್ಕ ಬಣ್ಣದ ಬಾವುಟ ನೆಟ್ಟರೆ ಎರಡೇ ದಿನದಲ್ಲಿ ಕಾಗೆ ಪಾಠ ಕಲಿಯುತ್ತದೆ. ಹತ್ತು ಮೀಟರ್ ಉತ್ತರಕ್ಕೆ ಒಂದು ಕಲ್ಲಿನ ಮೇಲೆ ಇನ್ನೊಂದು ಕಲ್ಲು, ಎಲ್ಲ ಗೂಡಿಗೂ ಅದೇ ದಿಕ್ಕು, ಅದೇ ದೂರ. ಭೇಟಿ ಮೂರು ನಾಲ್ಕು ದಿನಕ್ಕೊಮ್ಮೆ, ಬೆಳಗಿನ ತಂಪಿನಲ್ಲಿ ಅಥವಾ ಸಂಜೆ ಐದರ ಮೇಲೆ. ಗೂಡಿನವರೆಗೆ ಹೋಗಿ ಬಂದ ದಾರಿಯಲ್ಲೇ ತಿರುಗಬಾರದು. ನಿಲ್ಲದೆ ಹಾದು ಮುಂದಕ್ಕೆ ಹೋಗಬೇಕು, ಇಲ್ಲದಿದ್ದರೆ ನಮ್ಮ ಕಾಲ್ವಾಸನೆ ನರಿ ಮುಂಗುಸಿಗಳಿಗೆ ಮೊಟ್ಟೆಯ ಬಳಿಯೇ ಮುಗಿಯುವ ದಾರಿಯಾಗುತ್ತದೆ. ಎಷ್ಟು ದಿನದ ಮೊಟ್ಟೆ ಎಂದು ತಿಳಿಯಲು ಉಗುರುಬೆಚ್ಚಗಿನ ನೀರಿನ ಲೋಟ ಸಾಕು: ಹೊಸ ಮೊಟ್ಟೆ ತಳದಲ್ಲಿ ಮಲಗುತ್ತದೆ, ಕೆಲವು ದಿನದ್ದು ಓರೆಯಾಗುತ್ತದೆ, ಮುಂದೆ ನೆಟ್ಟಗೆ ನಿಲ್ಲುತ್ತದೆ, ಕಾವಿನ ಉತ್ತರಾರ್ಧದಲ್ಲಿ ತೇಲುತ್ತದೆ. ಒಂದು ಗೂಡಿಗೆ ಒಂದೇ ಸಲ, ಒಂದೆರಡು ಮೊಟ್ಟೆ ಮಾತ್ರ.

ಐಬಟನ್ ಹಾಕುವಾಗ ಎರಡು ಎಚ್ಚರ. ಹೊಳೆಯುವ ಉಕ್ಕಿಗೆ ಅಂಟು ಬಳಿದು ಅಲ್ಲಿನದೇ ಮಣ್ಣು ಅಂಟಿಸದಿದ್ದರೆ ಹಕ್ಕಿ ಅದನ್ನು ಕೊಕ್ಕಿನಿಂದ ಆಚೆ ಎಸೆಯಬಹುದು. ನಿಖರ ಅಳತೆಯ ಕ್ರಮದಲ್ಲಿ ಡಿಎಸ್1922ಎಲ್ ಮಾದರಿಯ ನೆನಪು 4096 ದಾಖಲೆಗೆ ಮುಗಿಯುತ್ತದೆ. ಐದು ನಿಮಿಷಕ್ಕೊಮ್ಮೆ ಬರೆಯಲು ಬಿಟ್ಟರೆ 14 ದಿನ, ಹತ್ತು ನಿಮಿಷಕ್ಕಾದರೆ 28 ದಿನ.

ಗೂಡು ಖಾಲಿಯಾಗಿದ್ದ ದಿನ ಮಂಡಿಯೂರಿ ಕೂತು ನೋಡಬೇಕಾದ್ದು ಹೆಚ್ಚು. ಕಲ್ಲುಚೂರುಗಳ ಸಂದಿಯಲ್ಲಿ ಸಾಸಿವೆಯಷ್ಟು, ಅಕ್ಕಿನುಚ್ಚಿನಷ್ಟು ಚಿಪ್ಪಿನ ಕಣಗಳು ಸಿಕ್ಕರೆ ಮರಿ ಒಳಗಿನಿಂದ ಕುಟ್ಟಿಕೊಂಡು ಬಂದಿದೆ ಎಂದು ತಿಳಿಯಬಹುದು, ದೊಡ್ಡ ಚಿಪ್ಪನ್ನು ತಾಯ್ತಂದೆ ದೂರ ಒಯ್ದು ಬಿಸಾಡುತ್ತವೆ. ಲೋಳೆ ಮೆತ್ತಿದ ಚಪ್ಪಟೆ ಚಿಪ್ಪು ಇದ್ದರೆ ತುಳಿತ. ಏನೂ ಇಲ್ಲದಿದ್ದರೆ ಹಾವೋ ಉಡವೋ ಮನುಷ್ಯರೋ. ಆಗ 'ಕಾರಣ ತಿಳಿದಿಲ್ಲ' ಎಂದು ಬರೆಯುವ ಧೈರ್ಯ ಇರಬೇಕು.

ನೂರಕ್ಕೆ ನಲವತ್ತು ಎಂಬ ಮೋಸ

20 ಗೂಡು ಸಿಕ್ಕವು, 8ರಲ್ಲಿ ಮರಿಯಾದವು, ಯಶಸ್ಸು ನೂರಕ್ಕೆ 40. ಹೀಗೆ ಬರೆದ ಪ್ರಬಂಧಗಳು ಈಗಲೂ ಬರುತ್ತಿವೆ. ಇಟ್ಟ ಎರಡನೇ ದಿನವೇ ಹಾಳಾದ ಗೂಡು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಸಿಕ್ಕುವುದು ಬಹಳ ದಿನ ಉಳಿದ ಗೂಡು. ಅಮೆರಿಕದ ಹೆರಾಲ್ಡ್ ಮೇಫೀಲ್ಡ್ 1961ರಲ್ಲೇ ಇದಕ್ಕೆ ದಾರಿ ತೋರಿಸಿದರು: ಗೂಡುಗಳನ್ನು ಎಣಿಸಬೇಡಿ, ಗೂಡು ನಮ್ಮ ಕಣ್ಣ ಮುಂದೆ ಇದ್ದ ದಿನಗಳನ್ನು ಎಣಿಸಿ. ಅದೇ 20 ಗೂಡುಗಳನ್ನು ಒಟ್ಟು 240 ದಿನ ಕಂಡು 12 ಹಾಳಾಗಿದ್ದರೆ ದಿನಕ್ಕೆ ಹಾಳಾಗುವ ಪಾಲು 0.05, ಉಳಿಯುವ ಪಾಲು 0.95. 28 ದಿನಕ್ಕೆ ಇದನ್ನು ಗುಣಿಸುತ್ತಾ ಹೋದರೆ ಸಿಗುವುದು ನೂರಕ್ಕೆ 24. ನಲವತ್ತಲ್ಲ.

ಮೇಯಿಸುವಿಕೆಯ ಪ್ರಶ್ನೆಗೂ ಈ ಗೂಡು-ದಿನವೇ ಕೀಲಿಕೈ. 'ಮೇಯಿಸಿದ ಕಾವಲು', 'ಮೇಯಿಸದ ಕಾವಲು' ಎಂದು ಎರಡು ಕಂಬ ಹಾಕಿ ಹೋಲಿಸುವ ಬದಲು, ಪ್ರತಿ ಗೂಡಿನ ಪ್ರತಿ ದಿನಕ್ಕೂ ಬರೆದುಕೊಳ್ಳಬೇಕು: ಇವತ್ತು ಮಂದೆ ಹತ್ತು ಮೀಟರಿನೊಳಗೆ ಹಾಯಿತೇ, ಎಷ್ಟು ಅಗಲಕ್ಕೆ ಹರಡಿತ್ತು, ಎಷ್ಟು ನಿಮಿಷ, ನಾಯಿ ಇತ್ತೇ. ಮಾರ್ಕ್ ಎಂಬ ತಂತ್ರಾಂಶದಲ್ಲಿರುವ ಗೂಡು ಉಳಿವಿನ ಮಾದರಿಗೆ ದಿನದಿನದ ಇಂಥ ಮಾಹಿತಿ ಹಾಕಬಹುದು. ಒಂದು ಸೆಮಿಸ್ಟರಿನಲ್ಲಿ 30 ಗೂಡು, ಅದರಲ್ಲಿ ನಾಲ್ಕೈದು ತುಳಿತ ಸಿಕ್ಕರೆ ಆ ಮಾದರಿ ಯಾವ ಕಡೆಗೂ ಗಟ್ಟಿ ಮಾತು ಹೇಳುವುದಿಲ್ಲ. ಎರಡು ಬೇಸಿಗೆಯಾದರೂ ಬೇಕು.

ಹುಲ್ಲಿನ ಎತ್ತರ ಅಳೆಯುವಾಗ ಇನ್ನೊಂದು ಗುಂಡಿ ಕಾದಿರುತ್ತದೆ. ನಾಲ್ಕು ಮೀಟರ್ ದೂರದಿಂದ, ಒಂದು ಮೀಟರ್ ಎತ್ತರದಲ್ಲಿ ಕಣ್ಣಿಟ್ಟು ರೋಬೆಲ್ ಕೋಲನ್ನು, ಅಂದರೆ ಹುಲ್ಲು ಎಷ್ಟು ಎತ್ತರದವರೆಗೆ ಮರೆಮಾಡುತ್ತದೆ ಎಂದು ತೋರಿಸುವ ಅಳತೆಕೋಲನ್ನು, ಓದುವುದು ರೂಢಿ. ಹಕ್ಕಿಗೆ ತೊಂದರೆಯಾಗದಿರಲಿ ಎಂದು ಗೂಡು ಮುಗಿದ ಮೇಲೆ ಅಳೆಯುತ್ತೇವೆ. ಬೇಗ ಹಾಳಾದ ಗೂಡನ್ನು ಏಪ್ರಿಲಿನಲ್ಲಿ, ಉಳಿದ ಗೂಡನ್ನು ಮೇ ಕೊನೆಯಲ್ಲಿ ಅಳೆದಿರುತ್ತೇವೆ. ನಡುವೆ ಭರಣಿ, ಕೃತ್ತಿಕೆ ಮಳೆ ಬಿದ್ದು ಗರಿಕೆ ಚಿಗುರಿರುತ್ತದೆ. ಎತ್ತರದ ಹುಲ್ಲಿನಲ್ಲಿ ಗೂಡು ಉಳಿಯುತ್ತದೆ ಎಂಬ ಫಲಿತಾಂಶ ತಾನಾಗಿ ಬರುತ್ತದೆ, ಅದು ಮಳೆಯ ಫಲಿತಾಂಶ. ಹಾಳಾದ ಗೂಡನ್ನೂ ಅದು ಮರಿಯಾಗಬೇಕಿದ್ದ ದಿನಕ್ಕೇ ಹೋಗಿ ಅಳೆದರೆ ಈ ತಪ್ಪು ತಪ್ಪುತ್ತದೆ.

ಬೇಲಿಯ ಒಳಗೆ

ಮೇಯಿಸದ ಜಾಗ ಎಂದು ತೋರಿಸಲು ನಮ್ಮಲ್ಲಿ ಇರುವುದು ಬಹುಪಾಲು ಬೇಲಿ ಹಾಕಿದ ನೆಡುತೋಪು. ಅಲ್ಲಿ ದನ ಇಲ್ಲ ನಿಜ, ಜೊತೆಗೆ ಕಂದಕ ತೋಡಿದ್ದಾರೆ, ಸಸಿ ನೆಟ್ಟಿದ್ದಾರೆ. ಸಸಿ ಮರವಾದರೆ ಕಾಗೆಗೆ ಕೂತು ನೋಡಲು ಅಟ್ಟಣೆ. ರಾಣೆಬೆನ್ನೂರಿನಲ್ಲಿ ಎರ್ಲಡ್ಡು ಓಡಾಡುತ್ತಿದ್ದ ಬಯಲಿನ ಮೇಲೆ ನೀಲಗಿರಿ ಬೆಳೆಸಿದ್ದು ಎಲ್ಲರಿಗೂ ಗೊತ್ತಿರುವ ಕತೆ. ಸಸಿ ನೆಡದೆ ಸುಮ್ಮನೆ ಬಿಟ್ಟರೂ ಕೆಲವು ವರ್ಷದಲ್ಲಿ ಬಂದರಿಕೆ, ತಂಗಡಿ, ಲಂಟಾನದ ಪೊದೆಗಳು ಏಳುತ್ತವೆ, ಟಿಟ್ಟಿಭ ಜಾಗ ಬಿಡುತ್ತದೆ. ಇಂಥ ಬೇಲಿಯ ಒಳಗನ್ನೂ ಹೊರಗನ್ನೂ ಹೋಲಿಸಿ 'ಮೇಯಿಸುವಿಕೆಯ ಪರಿಣಾಮ' ಎಂದು ಬರೆದರೆ ಕಂದಕ, ಮರ, ಪೊದೆ ಎಲ್ಲದರ ಪರಿಣಾಮವನ್ನೂ ಕುರಿಯ ತಲೆಗೆ ಕಟ್ಟಿದಂತೆ. ಅದಕ್ಕಿಂತ ಒಂದೇ ಕಾವಲಿನೊಳಗೆ ಹಟ್ಟಿಯಿಂದ ದೂರ, ನೀರಿನಿಂದ ದೂರ ಎಂಬ ಏರಿಳಿತವನ್ನು ಹಿಡಿಯುವುದು ಮೇಲು. 2011ರಲ್ಲಿ ಸಂರಕ್ಷಣಾ ಮೀಸಲಾದ, ಕಡೂರು ತಾಲ್ಲೂಕಿನ ಬಾಸೂರಿನ ಕಾವಲೂ ಮೂಲತಃ ದನಕ್ಕಾಗಿಯೇ ಉಳಿಸಿದ ನೆಲ ಎಂಬುದು ನೆನಪಿರಲಿ.

ಹಳೆಯ ಮೈಸೂರಿನ ಅಮೃತಮಹಲ್ ಕಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲದ ಕಾವಲುಗಳೆಂದು ವಿಂಗಡಿಸಿ, ಋತು ನೋಡಿ ದನ ಸಾಗಿಸುತ್ತಿದ್ದರು. ಬೇಸಿಗೆಯಲ್ಲಿ ದನಗಳು ನೀರು ನೆರಳಿರುವ ಕಡೆ ಸೇರಿದ್ದರೆ, ಟಿಟ್ಟಿಭ ಮೊಟ್ಟೆಯಿಡುವ ತಿಂಗಳುಗಳಲ್ಲಿ ಒಣ ಬಯಲಿನ ಕಾವಲುಗಳಿಗೆ ಗೊರಸಿನ ಭಾರ ಕಡಿಮೆ ಇರುತ್ತಿತ್ತು. ಹಕ್ಕಿಗಾಗಿ ಮಾಡಿದ ಏರ್ಪಾಡಲ್ಲ ಅದು, ಹುಲ್ಲಿಗಾಗಿ ಮಾಡಿದ್ದು. ಆದರೆ ಎಷ್ಟು ದನ ಎನ್ನುವುದಕ್ಕಿಂತ ಯಾವ ತಿಂಗಳು, ಎಲ್ಲಿ ಎಂಬುದನ್ನು ಆಳುವ ಕ್ರಮ ಈ ನೆಲಕ್ಕೆ ಹೊಸದಲ್ಲ.

ಕುರಿಗಾಹಿಯ ದಾರಿ

ಮಂದೆಯ ದಾರಿ ಹಿಡಿಯಲು ಮುಂದಾಳು ಆಡಿನ ಕೊರಳಿಗೆ ಜಿಪಿಎಸ್ ಲಾಗರ್ ಕಟ್ಟಬಹುದು, ನಿಮಿಷಕ್ಕೊಂದು ಬಿಂದು. ಅದು ಮಂದೆಯ ತಲೆಯನ್ನಷ್ಟೇ ತೋರಿಸುತ್ತದೆ, ಅಗಲ ಹೇಳುವುದಿಲ್ಲ. ಅಂಚಿನಲ್ಲಿ ಮೇಯುವ ಅಭ್ಯಾಸದ ಎರಡು ಕುರಿಗಳನ್ನು ಕುರಿಗಾಹಿಯೇ ತೋರಿಸಿಕೊಡುತ್ತಾರೆ, ಅವಕ್ಕೂ ಕಟ್ಟಬೇಕು. ಗಂಟೆಯ ಪಟ್ಟಿಗೇ ಸೇರಿಸಿ ಹೊಲಿದರೆ ಮುಳ್ಳುಗಿಡಕ್ಕೆ ಸಿಕ್ಕಿ ಕಿತ್ತುಹೋಗುವುದು ಕಡಿಮೆ.

ಆದರೆ ಆ ಗೆರೆ ಅವರ ಬದುಕಿನ ದಾರಿ. ಯಾವ ಮೂಲೆಯಲ್ಲಿ ಎಷ್ಟು ಹೊತ್ತು ಮೇಯಿಸಿದರು ಎಂಬ ನಕ್ಷೆ ನಾಳೆ ದಂಡ ಹಾಕಲು, ಒಕ್ಕಲೆಬ್ಬಿಸಲು ಸಾಕ್ಷಿಯಾಗಬಾರದು. ಲಾಗರ್ ಕಟ್ಟುವ ಮೊದಲೇ ಕೂತು ಹೇಳಬೇಕು: ಯಾರಿಗೆ ತೋರಿಸುತ್ತೇವೆ, ಯಾರಿಗೆ ಕೊಡುವುದಿಲ್ಲ, ಬೇಡವೆಂದರೆ ಯಾವತ್ತು ಬೇಕಾದರೂ ಬಿಚ್ಚಬಹುದು. "ಅಣ್ಣ, ಎಲ್ಲಿ ಮೊಟ್ಟೆ ಐತೆ ಅಂತ ನಿಮಗೆ ಗೊತ್ತಾ?" ಎಂದು ವಿದ್ಯಾರ್ಥಿಯೊಬ್ಬರು ಕೇಳಿದಾಗ ಹಿರಿಯ ಕುರಿಗಾಹಿಯೊಬ್ಬರು ಕೋಲಿನಿಂದ ಮೂರು ದಿಕ್ಕು ತೋರಿಸಿ, "ಅಲ್ಲೊಂದು, ಆ ಗುಡ್ಡೆಗೊಂದು, ಕಟ್ಟೆ ಹಿಂದ್ಲದು ನಿನ್ನೆ ಮರಿ ಆತು ಕಣಮ್ಮ" ಎಂದಿದ್ದರು. ಮೂರರಲ್ಲಿ ಎರಡು ವಿದ್ಯಾರ್ಥಿಯ ಪಟ್ಟಿಯಲ್ಲಿರಲಿಲ್ಲ.

ಕಟ್ಟೆಯ ಹಿಂದಿನ ಆ ಗೂಡಿನ ದಾಖಲೆ 'ಯಶಸ್ಸು' ಎಂದು ಮುಗಿಯಿತು. ಗೂಡಿನ ಅಧ್ಯಯನಗಳೆಲ್ಲ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತವೆ. ಟಿಟ್ಟಿಭದ ಮರಿ ಹುಟ್ಟಿದ ದಿನವೇ ಗೂಡು ಬಿಟ್ಟು ನಡೆಯುತ್ತದೆ, ಹಾರಲು ವಾರಗಟ್ಟಲೆ ಬೇಕು. ಅಪಾಯ ಬಂದರೆ ಅದಕ್ಕೆ ಗೊತ್ತಿರುವುದು ನೆಲಕ್ಕಂಟಿ ಅಲುಗದೆ ಕೂರುವುದು. ಬೇಟೆಹಕ್ಕಿಯ ಕಣ್ಣು ತಪ್ಪಿಸಲು ಇದು ಸರಿ, ಗೊರಸಿಗೆ ಅಲ್ಲ. ಮಾರನೇ ಸಂಜೆ ಮಂದೆ ಅದೇ ಕಟ್ಟೆಯ ಮೇಲಿಂದ ನೀರಿಗಿಳಿಯುವಾಗ ತಾಯಿಹಕ್ಕಿ ಮೇಲೆ ಸುತ್ತುತ್ತಾ ಕೂಗುತ್ತಿತ್ತು. ಮಂದೆ ದಾಟಿದ ಮೇಲೂ ಸುಮಾರು ಹೊತ್ತು ನೆಲ ಅಲುಗಲಿಲ್ಲ. ಕತ್ತಲಾಗುವ ಮುಂಚೆ ಹಕ್ಕಿ ಇಳಿದು ಮೆಲ್ಲಗೆ ಸದ್ದು ಮಾಡಿತು. ಹಿಂದಿನ ಮಳೆಯಲ್ಲಿ ಕೆಸರಿಗೆ ಬಿದ್ದು ಒಣಗಿದ್ದ ಎಮ್ಮೆಯ ಗೊರಸಿನ ಗುಳಿಯೊಂದರಿಂದ ಮರಿಯೊಂದು ಎದ್ದು ಅದರ ಕಡೆಗೆ ಓಡಿತು. ಆಮೇಲೆ ಇನ್ನೊಂದು. ಒಡೆದು ಮರಿಯಾದ ಮೊಟ್ಟೆಗಳು ಮೂರಿದ್ದವು.